ಇಲ್ಲದ ಕೋಟೆಯ ಚಿತ್ರ

“ಗುರುಗಳೇ, ಮಠದ ಕೊಳಕ್ಕೆ ಇಳಿದವರ ಕಣ್ಣು ಹೋಗುತ್ತದೆ ಎಂದು ಜನ ಅಂಜುತ್ತಾರೆ. ಅಂಜಿಕೆ ಸುಳ್ಳು. ಆದರೆ ಅದರಿಂದಲೇ ನೀರು ತಿಳಿಯಾಗಿ ಉಳಿದಿದೆ. ಅದನ್ನು ಹಾಗೆಯೇ ಇರಗೊಟ್ಟರೆ ತಪ್ಪೇನು?” ಎಂದು ಶಿಷ್ಯನೊಬ್ಬ ಕೇಳಿದ.

“ಜಾಣ ಪ್ರಶ್ನೆ. ದಡ್ಡರಿಗೆ ಇದು ಹೊಳೆಯುವುದಿಲ್ಲ” ಎಂದು ಗುರುಗಳು ಈ ಕತೆ ಹೇಳಿದರು.

ಕಡಲತೀರದ ಒಂದು ಊರಿನಲ್ಲಿ ಹಿಂದೆ ಡಚ್ಚರು ವ್ಯಾಪಾರಕ್ಕೆಂದು ಕೋಟೆ ಕಟ್ಟಿದ್ದರು. ಅವರು ಹೋದರು. ಅರ್ಧ ಕಲ್ಲನ್ನು ಕಡಲು ನುಂಗಿತು, ಉಳಿದದ್ದನ್ನು ಜನ ತಮ್ಮ ಮನೆಗಳಿಗೆ ಹೊತ್ತರು. ಬರಿಯ ಮರಳು ಉಳಿಯಿತು. ಆ ಕೋಟೆಗೆ ಮೆಣಸು ಮಾರಿದವರ ವಂಶದ ವರ್ತಕನೊಬ್ಬನಿಗೆ ಅದರ ಚಿತ್ರವನ್ನು ಪಡಸಾಲೆಯಲ್ಲಿ ತೂಗುಹಾಕುವ ಆಸೆಯಾಯಿತು. ಕೋಟೆ ಇದ್ದಂತೆಯೇ ಬರೆದುಕೊಡಬೇಕೆಂದು ಒಬ್ಬ ಚಿತ್ರಕಾರನನ್ನು ಕರೆಸಿದ.

ಚಿತ್ರಕಾರ ಮರಳಲ್ಲಿ ಅಲೆದು ಸೋತ. ಒಂದು ಮಧ್ಯಾಹ್ನ ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಬಟ್ಟಬಯಲನ್ನು ಸುತ್ತಿ ಬಳಸಿ, ಅಂಕುಡೊಂಕಾದ ಕಾಲುದಾರಿಯಲ್ಲಿ ಬರುವುದನ್ನು ಕಂಡ.

“ನೇರವಾಗಿ ಬರಬಾರದೇನಮ್ಮ?”

“ಅಲ್ಲಿ ಕೋಟೆ ಉಂಟಲ್ಲ ಸ್ವಾಮೀ. ಒಳಗೆ ಕಾಲಿಟ್ಟವರನ್ನು ಹಡಗಿಗೆ ಹಾಕಿ ಒಯ್ತಾರೆ. ನಮ್ಮ ಕೇರಿಯವರನ್ನು ಹಾಗೇ ಒಯ್ದದ್ದಂತೆ.”

ಚಿತ್ರಕಾರನಿಗೆ ಕುಣಿಯುವಷ್ಟು ಹಿಗ್ಗಾಯಿತು. ಗೋಡೆ ಹೋಗಿದ್ದರೂ ಕೇರಿಯವರು ಅದನ್ನು ಸುತ್ತುವುದನ್ನು ಬಿಟ್ಟಿರಲಿಲ್ಲ. ಕೊತ್ತಲಗಳು ಚಾಚಿದ್ದ ಕಡೆಯೆಲ್ಲ ದಾರಿ ಹೊರಕ್ಕೆ ಬಾಗಿತ್ತು. ಆ ದಾರಿಯನ್ನು ನೋಡಿ ನೋಡಿ ಅವನು ಗೋಡೆ ಬರೆಯತೊಡಗಿದ. ಅಂಜಬೇಡಿ, ಅಲ್ಲಿ ಏನೂ ಇಲ್ಲ ಎಂದರೆ ಎಲ್ಲರೂ ಅಡ್ಡ ಹಾಯುತ್ತಾರೆ, ಗಾಳಿಗೆ ದಾರಿ ಮುಚ್ಚಿಹೋಗುತ್ತದೆ. ಚಿತ್ರ ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡ. ಪಾಪ, ಕೆಟ್ಟವನೇನಲ್ಲ.

ಅಷ್ಟರಲ್ಲಿ ಆ ಹೆಂಗಸಿನ ಮಗುವಿಗೆ ಹಾವು ಕಚ್ಚಿತು. ವೈದ್ಯನ ಮನೆ ಬಯಲಿನ ಆಚೆಗೆ, ಕೂಗಳತೆಯಲ್ಲಿತ್ತು. ಅವಳು ಮಗುವನ್ನು ಎತ್ತಿಕೊಂಡು ಓಡಿದಳು. ಆದರೆ ಸುತ್ತಿಕೊಂಡೇ ಓಡಿದಳು, ಇಲ್ಲದ ಒಂದೊಂದು ಕೊತ್ತಲವನ್ನೂ ಬಳಸಿ. ವೈದ್ಯನ ಜಗಲಿ ಮುಟ್ಟುವ ಹೊತ್ತಿಗೆ ಮಗುವಿನ ಮೈ ತಣ್ಣಗಾಗಿತ್ತು. “ಸ್ವಲ್ಪ ಮೊದಲೇ ಬರಬಾರದಿತ್ತೇ ತಾಯಿ” ಎಂದ ವೈದ್ಯ.

ಚಿತ್ರ ಮುಗಿಯಿತು. ಕೋಟೆಯೇ ಎದ್ದು ನಿಂತಂತಿದೆ ಎಂದು ನೋಡಿದವರೆಲ್ಲ ಹೊಗಳಿದರು. ವರ್ತಕ ಶಾಲು ಹೊದಿಸಿದ.

ಗುರುಗಳು ಕತೆ ಮುಗಿಸಿದರು. ಶಿಷ್ಯ ತಡೆಯಲಾರದೆ ಕೇಳಿದ: “ಅವಳು ಹಾಗೆ ಓಡುವಾಗ ಆ ಚಿತ್ರಕಾರ ಎಲ್ಲಿ ಹೋಗಿದ್ದ?”

“ಅಲ್ಲೇ ಇದ್ದ, ಅವಳು ತಿರುಗಿದ ಕಡೆಯೆಲ್ಲ ಗೆರೆ ಎಳೆದುಕೊಳ್ಳುತ್ತಿದ್ದ.”