ಹೆಚ್ಚು ಹಸಿದ ಕೂಸು

ಬಿಲ್ವಗುಂಡಿಯ ಮಠದಲ್ಲಿ ಪೂಜ್ಯ ಶ್ರೀ ನಿರ್ವಾಣ ಸ್ವಾಮಿಗಳವರಿಗೆಂದು ಪ್ರತ್ಯೇಕ ಪೀಠವಿರಲಿಲ್ಲ. ಮುಂಜಾನೆಯ ಲಿಂಗಪೂಜೆ ಮುಗಿದ ಮೇಲೆ ಅವರು ದಾಸೋಹದ ಮನೆಯ ಕಟ್ಟೆಗೆ ಬಂದು, ಗೋಣಿತಟ್ಟಿನ ಮೇಲೆ ಕುಳಿತು, ಅಂದಿನ ಅಡುಗೆಯ ಬೇಳೆಯಲ್ಲಿ ಹರಳು ಆರಿಸುತ್ತಿದ್ದರು. ಭಕ್ತರಿಗೆ ದರ್ಶನವೂ ಅಲ್ಲೇ, ಅವರ ಸುಖದುಃಖದ ಮಾತೂ ಅಲ್ಲೇ. ಸುತ್ತಲಿನ ಸೀಮೆಯ ಜನರಿಗೆಲ್ಲ ಅವರು ‘ಅಜ್ಜಾರು’.

ಒಮ್ಮೆ ನೇಕಾರರ ಓಣಿಯ ಶಿವಗಂಗವ್ವ ತನ್ನ ಮಗಳು ದಾಕ್ಷಾಯಣಿಯ ಕೈಹಿಡಿದು ಬಂದಳು. ಕೂಸು ನಾಲ್ಕನೆಯ ಇಯತ್ತೆಯಲ್ಲಿ ಓದುತ್ತಿತ್ತು. ಅವರ ಹಿಂದೆಯೇ ಶಾಲೆಯ ಮಾಸ್ತರರಾದ ವಾಮನರಾಯರೂ ಬಂದರು. ಅವರಿಗೆ ಮಠಗಳಲ್ಲಿ ನಂಬಿಕೆ ಸಾಲದು. ತಾಯಿ ಮಗಳಿಗೆ ತಾಯತ ಕಟ್ಟಿಸಲು ಹೊರಟಿದ್ದಾಳೆಂದು ಕೇಳಿ, ಅದನ್ನು ತಪ್ಪಿಸಲೆಂದೇ ಬಂದಿದ್ದರು.

“ಅಜ್ಜಾರ, ಈ ಕೂಸಿಗೆ ಯಾರದೋ ದೃಷ್ಟಿ ತಾಗೇತ್ರಿ,” ಎಂದು ಶಿವಗಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಸಾಲಿಗೆ ಹಾಕೂಕಿಂತ ಮೊದಲ ಅಂಗಡಿ ಬೋರ್ಡ್ ಓದತಿದ್ಲು. ನಾ ಮಗ್ಗದಾಗ ಕುಂತ್ರ, ಬಾಜೂಕ ಕುಂತು ಅದ್ಯಾಕ, ಇದ್ಯಾಕ ಅಂತ ಜೀವ ತಿಂತಿದ್ಲು. ನನಗೇನ್ ತಿಳಿತೈತಿ, ಸುಮ್ನ ಕುಂದರು ಅಂತ ಬೈತಿದ್ದೆ. ಈಗ ಖರೇನ ಸುಮ್ನಾಗ್ಯಾಳ್ರಿ. ಮನಿ ಬಿಕೋ ಅಂತೈತಿ. ಆಕಿ ದನಿ ಕೇಳಾಕ ಜೀವ ಹಂಬಲಸ್ತೈತ್ರಿ.”

ವಾಮನರಾಯರಿಗೆ ತಡೆಯಲಾಗಲಿಲ್ಲ. “ದೃಷ್ಟಿನೂ ಇಲ್ಲ, ಏನೂ ಇಲ್ಲ. ಹುಡುಗಿ ಶಾಣ್ಯಾ ಇದ್ದಾಳ, ಅಷ್ಟ. ನಾ ಲೆಕ್ಕ ಬರೆಯೂದ್ರಾಗ ಉತ್ತರ ಕೂಗಿಬಿಡ್ತಿದ್ಲು. ಉಳಿದ ಮಕ್ಕಳು ಕಲೀಬೇಕೋ ಬ್ಯಾಡೋ? ಹಿಂದ ಕೂಡಿಸಿ, ನಾ ಕೇಳಿದಾಗಷ್ಟ ಮಾತಾಡು ಅಂದೆ. ಇಂಥಾ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ತಾವ ಕಲೀತಾವ.”

“ಆಮ್ಯಾಲೆ ಆಕಿನ್ನ ಎಂದರ ಕೇಳಿದ್ರೇನು?” ಎಂದರು ಅಜ್ಜನವರು.

ಮಾಸ್ತರರು ಮೊರದ ಬೇಳೆಯತ್ತ ನೋಟ ಹೊರಳಿಸಿದರು.

ಪೂಜ್ಯರು ಬೇಳೆಯ ಮೊರವನ್ನು ಪಕ್ಕಕ್ಕಿಟ್ಟು ಕೂಸನ್ನು ಹತ್ತಿರ ಕರೆದರು. “ತಾಯಿ, ಕೇಳಬೇಕಂತ ಮಾಡಿ ಒಳಗ ಇಟ್ಕೊಂಡದ್ದು ಏನರ ಐತೇನು?”

ದಾಕ್ಷಾಯಣಿ ತಾಯಿಯ ಮುಖ ನೋಡಿದಳು, ಮಾಸ್ತರರ ಮುಖ ನೋಡಿದಳು, ತಲೆ ತಗ್ಗಿಸಿದಳು. ಅಜ್ಜನವರು ಕಾದರು. ದರ್ಶನಕ್ಕೆ ಬಂದವರೂ ಅಂಗಳದಲ್ಲಿ ನಿಂತೇ ಇದ್ದರು. ಬಹಳ ಹೊತ್ತಿನ ಮೇಲೆ ಸಣ್ಣ ದನಿಯೊಂದು ಹೊರಬಿತ್ತು: “ಬಾವ್ಯಾಗ ಕೂಗಿದ್ರ ದನಿ ತಿರುಗಿ ಬರತೈತಿ. ಮನ್ಯಾಗ ಕೂಗಿದ್ರ ಯಾಕ ಬರೂದಿಲ್ರಿ?”

“ನನಗೂ ಗೊತ್ತಿಲ್ಲವಾ. ಬಾ, ನೋಡೂಣು.”

ಮೊಣಕಾಲ ನೋವಿನಿಂದ ಎದ್ದು ನಿಲ್ಲುವುದೇ ಕಷ್ಟವಾಗಿದ್ದ ಆ ಮಹಾನುಭಾವರು ಕೂಸಿನ ಹೆಗಲ ಮೇಲೆ ಕೈಯಿಟ್ಟು ಮಠದ ಹಿಂದಿನ ಬಾವಿಯವರೆಗೆ ನಡೆದರು. ಬಾಗಿ, “ದಾಕ್ಷಾಯಣೀ!” ಎಂದು ಕರೆದರು. ಬಾವಿಯ ಆಳದಿಂದ ಅದೇ ಹೆಸರು ಮೇಲೆದ್ದು ಬಂತು. ಕೂಸು ಬೆಚ್ಚಿ, ನಕ್ಕು, ತಾನೂ ಕೂಗಿತು. ಬಳಿಕ ಅಲ್ಲಿಂದ ಓಡಿ ದಾಸೋಹದ ಮನೆಯ ಗೋಡೆಯ ಮುಂದೆ ನಿಂತು ಕೂಗಿತು. ಅಂಗಳದ ಆಚೆ ತುದಿಯವರೆಗೆ ಹಿಂದೆ ಸರಿದು ಮತ್ತೆ ಕೂಗಿದಾಗ ದನಿ ಸಣ್ಣಗೆ ತಿರುಗಿ ಬಂತು. ಓಡುತ್ತಲೇ ಮರಳಿ ಬಂತು.

“ಅಜ್ಜಾರ, ಗ್ವಾಡಿ ಸಮೀಪ ಇದ್ರ ದನಿ ಲಗೂನ ಬಂದು ನಮ್ಮ ದನ್ಯಾಗ ಕೂಡಿಬಿಡತೈತೇನ್ರಿ? ಅದಕ್ಕ ಬ್ಯಾರೆ ಕೇಳಸೂದಿಲ್ಲೇನ್ರಿ?”

ಎಷ್ಟೋ ದಿನಗಳ ಮೇಲೆ ಮಗಳ ಮಾತು ಕಿವಿಗೆ ಬಿದ್ದು ಶಿವಗಂಗವ್ವ ಬಿಕ್ಕಿದಳು. ಮಾಸ್ತರರು ಬೆರಗಾಗಿ ನಿಂತಿದ್ದರು. ಪೂಜ್ಯರು ಅವರ ಕಡೆ ತಿರುಗಿ ಮೆಲ್ಲನೆ ನುಡಿದರು: “ಮಾಸ್ತರ, ನಮ್ಮ ದಾಸೋಹದಾಗ ಹೆಚ್ಚು ಹಸಿದು ಬಂದವರಿಗೆ ಕಡಿಮಿ ನೀಡೂದಿಲ್ಲ.”

ವಾಮನರಾಯರು ಬಾವಿಯ ಕಟ್ಟೆಯ ಮೇಲೆ ಕುಳಿತರು. “ಅಜ್ಜಾರ, ನಾನೂ ಸಣ್ಣವಿದ್ದಾಗ ಹಿಂಗ ಕೇಳತಿದ್ದೆ. ಚುಕ್ಕಿ ಎಷ್ಟು ದೂರ ಅವ, ಅಲ್ಲಿಂದಾಚೆ ಏನದ ಅಂತ. ಅಧಿಕಪ್ರಸಂಗಿ ಅಂದು ಬಾಯಿ ಮುಚ್ಚಿಸಿದ್ರು. ಅವತ್ತ ಒಬ್ಬರರ ಹಿಂಗ ನನ್ನ ಜೋಡಿ ಎದ್ದು ಬಂದಿದ್ರ...” ಎಂದು ಬಾವಿಯ ಆಳದತ್ತ ಮುಖ ತಿರುಗಿಸಿದರು.

ಅಜ್ಜನವರು ಅವರ ಬೆನ್ನ ಮೇಲೆ ಕೈಯಿಟ್ಟರು. “ಈಕಿ ಜೋಡಿ ನೀವು ಹೋಗ್ರಿ.”

“ಅಕ್ಷರ ಬಾರದ ನಾ ಏನ್ ಮಾಡ್ಲಿ, ಅಜ್ಜಾರ?” ಎಂದಳು ತಾಯಿ.

“ಆಕಿ ಏನರ ಕೇಳಿದಾಗ, ‘ನೀ ಏನಂತಿ ಮಗಳ?’ ಅನ್ನು. ಉಳಿದದ್ದು ಆಕಿನ ಹೇಳತಾಳ.”

ಅಂದಿನಿಂದ ದಾಕ್ಷಾಯಣಿ ಹಿಂದಿನ ಸಾಲಿನಲ್ಲಿ ಕೂಡಲಿಲ್ಲ. ಅವಳ ಪಾಠ ಬೇಗ ಮುಗಿದರೆ ಮಾಸ್ತರರು ಮತ್ತೂ ಕಠಿಣವಾದ ಲೆಕ್ಕ ಕೊಡುತ್ತಿದ್ದರು. ಪಟ್ಟಣಕ್ಕೆ ಹೋದಾಗ ಪುಸ್ತಕ ತರುತ್ತಿದ್ದರು. ಶಾಲೆ ಬಿಟ್ಟ ಮೇಲೆ ಜೊತೆಗೆ ಕುಳಿತು ಓದುತ್ತಿದ್ದರು. ಮನೆಯಲ್ಲಿ ಮಗ್ಗದ ಸಪ್ಪಳದ ನಡುವೆ ತಾಯಿ ಮಗಳ ಮಾತು ಮತ್ತೆ ತುಂಬಿತು. ತಮಗೆ ತಿಳಿದದ್ದೆಲ್ಲ ಮುಗಿದ ದಿನ ವಾಮನರಾಯರು ತಾವೇ ಅವಳನ್ನು ಧಾರವಾಡಕ್ಕೆ ಕರೆದೊಯ್ದು, ತಮಗಿಂತ ಬಲ್ಲ ಗುರುಗಳೊಬ್ಬರಿಗೆ ಒಪ್ಪಿಸಿ ಬಂದರು.

ನಿವೃತ್ತರಾದ ಮೇಲೆ ಅವರು ದಿನವೂ ಮಠಕ್ಕೆ ಬರುತ್ತಿದ್ದರು. ಪೂಜ್ಯರು ಲಿಂಗೈಕ್ಯರಾದ ಬಳಿಕವೂ ಅದನ್ನು ಬಿಡಲಿಲ್ಲ. ದಾಕ್ಷಾಯಣಿಯ ಸುದ್ದಿ ಕೇಳಿದವರಿಗೆ ಹೇಳುತ್ತಿದ್ದರು: “ಸೂಟಿಗೆ ಊರಿಗೆ ಬಂದಾಗ ನಮ್ಮ ಮನಿಗೆ ಬಂದು ತಾ ಕಲಿತದ್ದೆಲ್ಲ ಹೇಳ್ತಾಳ. ಅದರಾಗ ಅರ್ಧಕ್ಕರ್ಧ ನನಗ ತಿಳಿಯೂದಿಲ್ಲ. ಆದ್ರೂ ಆಕಿ ಮಾರಿ ನೋಡಕೋತ ಕೂತ್ರ, ಎಲ್ಲೋ ಕಳಕೊಂಡಿದ್ದ ನನ್ನ ಹುಡುಗತನ ಬಂದು ಬಾಜೂಕ ಕೂತ್ಹಂಗ ಆಗ್ತದ.”