ಬೈಗುಳಕ್ಕೆ ಐದಕ್ಕೆ ಐದು

ಬಿಳಿಗೆರೆ ಪೇಟೆಯಲ್ಲಿ ಹೂ ಮಾರುವ ಚಿಕ್ಕತಾಯಮ್ಮನಿಗೆ ಒಬ್ಬನೇ ಮಗ, ಮರಿಸ್ವಾಮಿ. ಪೆದ್ದ ಅಂದರೆ ಎಂಥ ಪೆದ್ದ! "ಅಂಗಡಿ ಮೇಲೆ ಒಂದು ಕಣ್ಣಿಟ್ಟಿರು" ಅಂದರೆ ಇನ್ನೊಂದು ಕಣ್ಣು ಮುಚ್ಚಿಕೊಂಡು ಕೂರುವಂಥ ಪೆದ್ದ! ಊರಲ್ಲಿ ಅವನನ್ನು ಮಾತಾಡಿಸುವವರೇ ಇಲ್ಲ. ಎದುರಿಗೆ ಬಂದರೆ ಜನ ದಾರಿ ಬದಲಿಸುತ್ತಿದ್ದರು. "ನಾನು ಹೋದ್ಮೇಲೆ ಈ ಕೂಸನ್ನ ಮಾತಾಡ್ಸೋರು ಯಾರಪ್ಪಾ?" ಚಿಕ್ಕತಾಯಮ್ಮನಿಗೆ ಹಗಲೂ ಇರುಳೂ ಇದೊಂದೇ ಚಿಂತೆ.

ಅವಳ ಚಿಂತೆಗೆ ಮರುಗಿದವರು ರಂಗಧಾಮ ಮೇಷ್ಟ್ರು. ಅವರಿಗೆ ಹ್ಯಾಮ್ ರೇಡಿಯೊ ಹುಚ್ಚು. ಹಾಡು ಕೇಳುವ ರೇಡಿಯೊ ಅಲ್ಲ ಅದು. ಪರೀಕ್ಷೆ ಬರೆದು, ಲೈಸೆನ್ಸ್ ತಗೊಂಡು, ಮನೆಯಲ್ಲಿ ಕೂತೇ ಊರೂರಿನವರ ಜೊತೆ ಮಾತಾಡುವ ರೇಡಿಯೊ. ಪೆದ್ದ ಪರೀಕ್ಷೆ ಪಾಸಾದನೇ? ಆದ! ಪುಸ್ತಕದಲ್ಲಿದ್ದದ್ದನ್ನು ಒಂದಕ್ಷರ ಬಿಡದೆ ಬರೆದ. ಪರೀಕ್ಷೆಗೆ ಬೇಕಾಗಿದ್ದೂ ಅಷ್ಟೇ ಬಿಡಿ. ಮೇಷ್ಟ್ರು ತಮ್ಮ ಹಳೇ ಸೆಟ್ಟು ತಂದಿಟ್ಟರು, ಹೆಂಚಿನ ಮೇಲೆ ತಂತಿ ಕಟ್ಟಿಸಿದರು. "ಭಾನುವಾರ ಬೆಳಿಗ್ಗೆ ಸುತ್ತಮುತ್ತಲ ಹ್ಯಾಮ್‌ಗಳೆಲ್ಲಾ ರೇಡಿಯೊದಲ್ಲಿ ಸೇರ್ತೀವಿ. ಮನಸ್ಸಿಗೆ ಬಂದದ್ದು ಮಾತಾಡು, ಮರಿ" ಅಂದರು.

ಭಾನುವಾರ ಬಂತು. ಪಕ್ಕದೂರಿನ ಹ್ಯಾಮ್ ಇಸ್ಮಾಯಿಲ್ ಸಾಬರು ತಮ್ಮ ಊರಿನ ಕೆರೆ ಕೋಡಿ ಬಿದ್ದದ್ದನ್ನು ಹೇಳುತ್ತಿದ್ದರು. ಪೆದ್ದನ ಮನಸ್ಸಿಗೆ ಏನೋ ಬಂತು. ಗುಂಡಿ ಒತ್ತಿದ. "ನಮ್ಮನೇಲಿ ಇವತ್ತು ಹುರುಳಿ ಸಾರು!"

"ಅಯ್ಯೋ ಮಂಕೇ!" ಅಂದರು ಮೇಷ್ಟ್ರು. "ಒಬ್ರು ಮಾತಾಡ್ತಿರೋವಾಗ ಬಾಯಿ ಹಾಕ್ತಾರೇನೋ? ಮೊದ್ಲು ಕಿವಿಗೊಟ್ಟು ಕೇಳ್ಬೇಕು. 'ಈ ಜಾಗ ಖಾಲಿ ಇದೆಯಾ?' ಅಂತ ಕೇಳ್ಬೇಕು. ಉತ್ತರ ಬರ್ಲಿಲ್ವೋ, ಇನ್ನೊಂದ್ಸಲ ಕೇಳ್ಬೇಕು. ಆಮೇಲೆ ಮಾತು!"

"ಆಗ್ಲಿ ಮೇಷ್ಟ್ರೇ, ಹಂಗೇ ಮಾಡ್ತೀನಿ!"

ಆ ವಾರವೇ ಸಾಬರಿಗೆ ಜ್ವರ ಬಂತು. ತಾಯಿ ಮಗ ಎಳನೀರು ಹಿಡಿದು ನೋಡಲು ಹೋದರು. ಸಾಬರು ಹಾಸಿಗೆ ಮೇಲೆ ಕಣ್ಣು ಮುಚ್ಚಿ ಮಲಗಿದ್ದಾರೆ. ಪೆದ್ದ ಬಗ್ಗಿದ, ಕಿವಿಗೊಟ್ಟು ಕೇಳಿದ, ಸದ್ದಿಲ್ಲ.

"ಈ ಜಾಗ ಖಾಲಿ ಇದೆಯಾ?"

ಉತ್ತರವಿಲ್ಲ. ಇನ್ನೂ ಜೋರಾಗಿ, "ಈ ಜಾಗ ಖಾಲಿ ಇದೆಯಾ?"

ಸಾಬರ ಹೆಂಡತಿ ಎದೆ ಹಿಡಿದುಕೊಂಡರು. ಸೊಸೆ ಒಳಗಿಂದ ಓಡಿ ಬಂದಳು. ಸಾಬರು ಒಂದು ಕಣ್ಣು ತೆರೆದು, "ಇಲ್ಲಪ್ಪಾ, ನಾನಿನ್ನೂ ಇದ್ದೀನಿ!" ಅಂದರು. ಚಿಕ್ಕತಾಯಮ್ಮನಿಗೆ ನೆಲ ಬಾಯಿ ಬಿಟ್ಟರೆ ಇಳಿದುಬಿಡುವಷ್ಟು ನಾಚಿಕೆ.

ಮೇಷ್ಟ್ರಿಗೆ ಸುದ್ದಿ ಮುಟ್ಟಿತು. "ಅಲ್ವೋ, ಹಿರಿಯರನ್ನ ಹಂಗೆ ಕೇಳ್ತಾರೇನೋ? ಯಾರೇ ಮಾತಾಡ್ಲಿ, ಎಷ್ಟು ಚೆನ್ನಾಗಿ ಕೇಳ್ಸ್ತು ಅಂತ ಮೊದ್ಲು ನಂಬರ್ ಹೇಳು. ಸ್ಪಷ್ಟವಾಗಿದ್ರೆ ಐದಕ್ಕೆ ಐದು. ಗೊರಗೊರ ಅಂದ್ರೆ ಐದಕ್ಕೆ ಎರಡು, ಇನ್ನೊಂದ್ಸಲ ಹೇಳಿ ಅನ್ನು. ಕೊನೇಲಿ 'ಉಪಕಾರ ಆಯ್ತು' ಅನ್ನು. ಅದೇ ನಮ್ಮ ಮರ್ಯಾದೆ!"

"ಆಗ್ಲಿ ಮೇಷ್ಟ್ರೇ, ಹಂಗೇ ಮಾಡ್ತೀನಿ!"

ಈಗ ಜವರಾಜುವಿನ ವಿಷಯ ಹೇಳಬೇಕು. ಅವನೂ ಹ್ಯಾಮ್. ದೊಡ್ಡ ಸೆಟ್ಟು, ಅದಕ್ಕಿಂತ ದೊಡ್ಡ ಬಾಯಿ. ಯಾರು ಮಾತಾಡುತ್ತಿದ್ದರೂ ಮೇಲೆ ಬಿದ್ದು ಬೈಯುವುದೇ ಅವನ ಕಸುಬು. ಅವನ ದನಿ ಬಂದರೆ ಮಿಕ್ಕವರು ತುಟಿ ಬಿಚ್ಚುತ್ತಿರಲಿಲ್ಲ. ಉತ್ತರ ಸಿಗದಿದ್ದರೆ ಬೈಯುವವನಿಗೆ ಬೇಸರವಾಗಿ ಎದ್ದುಹೋಗುತ್ತಾನೆ ಅಂತ ಹ್ಯಾಮ್‌ಗಳ ಲೆಕ್ಕ.

ಮುಂದಿನ ಭಾನುವಾರ ಅವನು ಬಂದ. "ಏಯ್ ಕತ್ತೆಗಳಾ! ಮುದಿ ಗೂಬೆಗಳಾ! ಬೇರೆ ಕೆಲಸ ಇಲ್ವೇನ್ರೋ ನಿಮ್ಗೆ?"

ಎಲ್ಲರೂ ಗಪ್‌ಚಿಪ್. ಪೆದ್ದ ಗುಂಡಿ ಒತ್ತಿದ. "ಐದಕ್ಕೆ ಐದು, ಜವರಾಜಣ್ಣಾ! ಕತ್ತೆ, ಗೂಬೆ ಎರಡೂ ಸ್ಪಷ್ಟವಾಗಿ ಬಂತು! ಉಪಕಾರ ಆಯ್ತು!"

ಜವರಾಜುವಿಗೆ ಹಬ್ಬ! ಮಧ್ಯಾಹ್ನದವರೆಗೂ ಬೈದ. ಪೆದ್ದ ಒಂದೊಂದು ಬೈಗುಳಕ್ಕೂ ನಂಬರ್ ಕೊಟ್ಟ, ಒಂದೊಂದಕ್ಕೂ ಉಪಕಾರ ಹೇಳಿದ.

ಮೇಷ್ಟ್ರು ಸೈಕಲ್ ತುಳಿದುಕೊಂಡು ಮನೆಗೇ ಬಂದರು. "ಬೈಯೋನಿಗೆ ಉತ್ತರ ಕೊಡ್ತಾರೇನೋ? ಬೈಗುಳ ಬಂತೋ, ತೆಪ್ಪಗೆ ಗುಂಡಿ ತಿರುಗ್ಸು, ಬೇರೆ ಕಡೆ ಹೋಗು! ಚಿಕ್ಕತಾಯಮ್ಮಾ, ಎಲ್ರೂ ನನ್ನ ಮೇಲೆ ಬೀಳ್ತಿದ್ದಾರೆ. ಇನ್ನೊಂದು ಸಲ ಜವರಾಜುಗೆ ಉತ್ತರ ಕೊಟ್ರೆ ಸೆಟ್ಟು ವಾಪಸ್ ತಗೊಂಡು ಹೋಗ್ತೀನಿ. ಬೇಜಾರ್ ಮಾಡ್ಕೋಬೇಡಿ."

ಚಿಕ್ಕತಾಯಮ್ಮನ ಕೈಲಿದ್ದ ಹೂವಿನ ದಾರ ಜಾರಿತು. ಸೆಟ್ಟು ಹೋದರೆ ಮಗನನ್ನು "ಹೆಂಗಿದ್ದೀಯಪ್ಪಾ?" ಅಂತ ಕೇಳುವ ದನಿಗಳೂ ಹೋದವು. "ಕೇಳ್ಸ್ಕೊಂಡ್ಯೇನೋ, ಮರಿ?"

"ಕೇಳ್ಸ್ಕೊಂಡೆ ಅವ್ವಾ, ಹಂಗೇ ಮಾಡ್ತೀನಿ!"

ಮಾರನೇ ದಿನ ಅವನು ಕನಕಾಂಬರದ ಬುಟ್ಟಿಯನ್ನು ಬಿಸಿಲಲ್ಲಿಟ್ಟ. ಹೂವೆಲ್ಲ ಬಾಡಿಹೋಯಿತು. "ದರಿದ್ರದೋನೇ! ಹೊಟ್ಟೆಗೆ ಅನ್ನ ತಿಂತೀಯೋ ಇಲ್ವೋ?" ಅಂತ ತಾಯಿ ಶುರು ಮಾಡಿದಳು. ಬೈಗುಳ ಬಂತಲ್ಲ! ಪೆದ್ದ ಗುಂಡಿ ಹುಡುಕಿದ. ಕಂಡದ್ದು ನೀರಿನ ನಲ್ಲಿ. ತೆಪ್ಪಗೆ ತಿರುಗಿಸಿದ, ಪಕ್ಕದ ಮನೆಗೆ ಹೋಗಿ ಕೂತ. ನೀರು ಹರಿದು ಉಳಿದ ಹೂವೂ ತೇಲಿತು!

ಚಿಕ್ಕತಾಯಮ್ಮ ಅವನನ್ನು ಎಳೆದುಕೊಂಡು ಬಂದಳು. ಅವಳಿಗೆ ಅಳು ತಡೆಯಲಿಲ್ಲ. "ಹೆತ್ತೋಳು ಬೈದ್ರೆ ಬಿಟ್ಟು ಹೋಗ್ತಾರೇನೋ? ಬೈಯೋರು ಬೈಲಿ, ನೀನು ನಿಂತ್ಕೋ. ಬೈದು ಮುಗುದ್ಮೇಲೂ ನಿಂತ್ಕೋ. ಬೈಗುಳದ ಹಿಂದೆ ಇನ್ನೊಂದು ಮಾತಿರ್ತದೆ ಕಣೋ, ಅದು ಬರೋಗಂಟ ಕಾಯ್ಬೇಕು."

"ಆಗ್ಲಿ ಅವ್ವಾ, ಹಂಗೇ ಮಾಡ್ತೀನಿ!" ಅಂದ ಪೆದ್ದ. ನಿಂತೇ ಇದ್ದ. ಆ ಇನ್ನೊಂದು ಮಾತೂ ಬಂತು. "ಬಾ, ಊಟ ಮಾಡು."

ಮತ್ತೆ ಭಾನುವಾರ. ಚಿಕ್ಕತಾಯಮ್ಮ ಸೆಟ್ಟಿನ ಪಕ್ಕದಲ್ಲೇ ಕೂತು ಹೂ ಕಟ್ಟುತ್ತಿದ್ದಳು. ಹ್ಯಾಮ್‌ಗಳ ಮಾತು ಚೆನ್ನಾಗಿ ಸಾಗಿತ್ತು. ನಡುವೆ ಗೊರಗೊರ ಅಂತ ಜವರಾಜುವಿನ ದನಿ. "ಏಯ್ ಗೂಬೆಗಳಾ! ಕಿವಿ ಸತ್ತೋಗಿದ್ಯೇನ್ರೋ ನಿಮ್ಗೆ? ಹಾಳಾಗ್ಹೋಗಿ ಎಲ್ರೂ!"

ಟಕ್, ಟಕ್, ಟಕ್! ಒಬ್ಬೊಬ್ಬರೇ ಗುಂಡಿ ತಿರುಗಿಸಿ ಬೇರೆ ಕಡೆ ಹೋದರು. ಮೇಷ್ಟ್ರೊಬ್ಬರು ಹೋಗಲಿಲ್ಲ, ಪೆದ್ದ ಏನು ಮಾಡುತ್ತಾನೋ ಅಂತ ಕಿವಿಗೊಟ್ಟಿದ್ದರು.

ಪೆದ್ದ ಎದ್ದು ನಿಂತ. ಕೈಕಟ್ಟಿಕೊಂಡು ನಿಂತ. ಜವರಾಜು ಬೈದ, ಇವನು ನಿಂತ. ಬೈಗುಳ ಮುಗಿಯಿತು, ಆಗಲೂ ನಿಂತ. ಆಮೇಲೆ ಗುಂಡಿ ಒತ್ತಿದ. "ಜವರಾಜಣ್ಣಾ, ಇವತ್ತು ಬರೀ ಐದಕ್ಕೆ ಎರಡು! ಬೈದದ್ದಾಯ್ತು. ಬೈಗುಳದ ಹಿಂದಿರೋ ಮಾತು ಹೇಳಿ, ಕಾಯ್ತಿದ್ದೀನಿ!"

"ಅಯ್ಯೋ ನನ್ನ ಕರ್ಮವೇ! ಮೇಷ್ಟ್ರು ಬರ್ತಾರಲ್ಲೋ!" ಅಂದಳು ತಾಯಿ. ಬಂದೇ ಬಂದರು! ಸೈಕಲ್ಲನ್ನು ಬಾಗಿಲಲ್ಲೇ ಬೀಳಿಸಿ, ಸೆಟ್ಟಿಗೆ ಕೈ ಹಾಕಿದರು.

ಆಗ ದನಿ ಬಂತು. ಸಣ್ಣ ದನಿ. "ಮರಿ... ಜೀಪು ಮಗುಚಿದೆ... ಕರಡಿಬೆಟ್ಟದ ತಿರುವು... ಕಾಲು ಜೀಪಿನಡಿ ಸಿಕ್ಕಿದೆ ಕಣೋ... ಹೋಗ್ಬೇಡ..."

ಮೇಷ್ಟ್ರ ಕೈ ಅಲ್ಲೇ ನಿಂತಿತು. ಪಾಪ, ಜವರಾಜುವಿಗೆ ಬೈಯದೆ ಮಾತು ಶುರು ಮಾಡಿ ಅಭ್ಯಾಸವೇ ಇರಲಿಲ್ಲ! ಅವನ ಜೀಪಿನಲ್ಲೊಂದು ಪುಟ್ಟ ಸೆಟ್ಟು ಇತ್ತು, ಅದರದೇ ಆ ಗೊರಗೊರ. ಆ ಬೆಟ್ಟದಲ್ಲಿ ಮೊಬೈಲು ಸತ್ತ ಹಾಗೆ.

"ಸರಿ ಕೇಳಿಸ್ಲಿಲ್ಲ ಅಣ್ಣಾ, ಇನ್ನೊಂದ್ಸಲ ಹೇಳಿ!" ಪೆದ್ದ ಮತ್ತೆ ಮತ್ತೆ ಕೇಳಿದ. ಕೇಳಿದ್ದೇ ಒಳ್ಳೆಯದಾಯಿತು, ಯಾವ ತಿರುವು ಅಂತ ಮೇಷ್ಟ್ರಿಗೆ ತಿಳಿಯಿತು. ಅವರು ಓಡಿದರು, ಟ್ರ್ಯಾಕ್ಟರ್ ಓಡಿತು, ಜನ ಓಡಿದರು. ಜೀಪು ಎತ್ತುವವರೆಗೂ ಪೆದ್ದ ಅವನನ್ನು ಮಾತಾಡಿಸುತ್ತಲೇ ಇದ್ದ. ಏನು ಮಾತು? ಹುರುಳಿ ಸಾರಿನ ಮಾತು!

ಕಾಲು ಉಳಿಯಿತು, ಜೀವವೂ ಉಳಿಯಿತು. ಜವರಾಜು ಊರುಗೋಲು ಊರಿಕೊಂಡು ಹೂವಿನಂಗಡಿಗೆ ಬಂದ. ಜೊತೆಗೆ ಹ್ಯಾಮ್‌ಗಳೆಲ್ಲ ಬಂದರು, ಸಾಬರೂ ಬಂದರು. "ಸೆಟ್ಟು ಇನ್ನು ನಿಂದೇ, ಮರಿ" ಅಂದರು ಮೇಷ್ಟ್ರು. "ಗುಂಡಿ ತಿರುಗ್ಸು ಅಂದೋನು ನಾನು, ತಿರುಗಿಸಿ ಹೋದೋರು ಇವ್ರು, ನಿಂತೋನು ನೀನು." ಚಿಕ್ಕತಾಯಮ್ಮ ಅಷ್ಟು ಮುಖಗಳನ್ನೂ ನೋಡಿದಳು. ತಾನು ಹೋದ ಮೇಲೆ ಮಗನನ್ನು ಮಾತಾಡಿಸುವವರು ಇವರೇ! ದೇವರು ದೊಡ್ಡವನು ಅಂತ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಜವರಾಜು ಪೆದ್ದನ ಎರಡೂ ಕೈ ಹಿಡಿದ. ತಲೆ ತಗ್ಗಿಸಿ ಗೊಣಗಿದ. "ನಿನ್ನ... ಉಪಕಾರ... ಸಾಯೋಗಂಟ ಮರೆಯಲ್ಲ, ಮರಿ..."

ಪೆದ್ದ ಕಿವಿ ಮುಂದೆ ಮಾಡಿದ. ತಲೆ ಅಲ್ಲಾಡಿಸಿದ. "ಐದಕ್ಕೆ ಎರಡು, ಅಣ್ಣಾ! ಏನೂ ಕೇಳಿಸ್ಲಿಲ್ಲ. ಮೊದಲ್ನೇ ಸಲ ಬೈದ್ರಲ್ಲ, ಅದು ಎಷ್ಟು ಸ್ಪಷ್ಟವಾಗಿತ್ತು! ಹಂಗೇ ಇನ್ನೊಂದ್ಸಲ ಹೇಳಿ!"

ಜವರಾಜು ಬಿಕ್ಕಿ ಬಿಕ್ಕಿ ಅತ್ತ. ಅಳುತ್ತಲೇ ನಕ್ಕ. ಆಮೇಲೆ ಎದೆ ತುಂಬ ಉಸಿರೆಳೆದು ಪೇಟೆಗೆಲ್ಲ ಕೇಳುವ ಹಾಗೆ ಬೈದ. "ಏಯ್ ಕತ್ತೇ! ಗೂಬೇ! ನನ್ನ ಜೀವ ಉಳಿಸಿದ ಪೆದ್ದ ಮುಂಡೇದೇ!"

ಪೆದ್ದನ ಮುಖ ಅರಳಿತು. "ಐದಕ್ಕೆ ಐದು! ಉಪಕಾರ ಆಯ್ತು!"