ಗೆರೆಯಾಚೆಯ ಹಸಿಮಣ್ಣು

ಕೇಳಿ ಮಕ್ಕಳೇ. ಮರಳಗುಡ್ಡ ಅಂತ ಒಂದು ರಾಜ್ಯ. ಅಲ್ಲೊಬ್ಬ ರಾಜ. ಕೆಟ್ಟವನಲ್ಲ, ಆದರೆ ಮುಂಗೋಪಿ. ಒಂದು ದಿನ ಅರಮನೆಯ ತುಪ್ಪದ ಗಡಿಗೆ ಸೋರಿತು. ಗಡಿಗೆ ಮಾಡಿದ ಕುಂಬಾರ ಮುದ್ದಯ್ಯ ಸೆರೆಮನೆ ಸೇರಿದ.

ಆ ರಾಜ್ಯದಲ್ಲೊಂದು ಪದ್ಧತಿ ಇತ್ತು. ವರ್ಷಕ್ಕೊಮ್ಮೆ ಸೆರೆಯಾಳುಗಳ ಮನೆಯವರು ಬಂದು ಜಿಗಿಯಬಹುದು. ಓಡಿ ಬಂದು, ಗೆರೆ ತುಳಿಯದೆ ಮೇಲೇಳಬೇಕು. ಮೊದಲು ಎದ್ದ ಕಾಲಿನ ಮೇಲೇ ಕುಪ್ಪಳಿಸಬೇಕು. ಆಮೇಲೆ ಇನ್ನೊಂದು ಕಾಲಿಗೆ ದಾಟಬೇಕು. ಕೊನೆಗೆ ಎರಡೂ ಕಾಲು ಚಾಚಿ ಮರಳಿಗೆ ಬೀಳಬೇಕು. ಮರಳಿನ ಪಕ್ಕದ ಗೂಟ ದಾಟಿದರೆ ಅವರ ಸೆರೆಯಾಳಿಗೆ ಬಿಡುಗಡೆ. ಸಿಗುವುದು ಮೂರೇ ಸರದಿ.

ಮುದ್ದಯ್ಯನ ಮಗಳು ದೇವೀರಿ ಬಂದಳು. ಅಪ್ಪನಿಗೆ ಬಿಡದ ಕೆಮ್ಮು. ಇನ್ನೊಂದು ವರ್ಷ ಆ ಕತ್ತಲಲ್ಲಿ ಅವನು ಉಳಿಯುವ ಹಾಗಿರಲಿಲ್ಲ.

ಗೆರೆ ನೋಡುವವನು ಸೆರೆಮನೆಯ ಒಡೆಯ ಭರಮಪ್ಪ. ಅವನು ಮುದ್ದಯ್ಯನ ಕೈಯಲ್ಲಿ ಬೆಳಗಿನಿಂದ ಸಂಜೆವರೆಗೆ ತನಗಾಗಿ ಗಡಿಗೆ ಮಾಡಿಸುತ್ತಿದ್ದ. ಅಂಥ ಆಳನ್ನು ಬಿಡಲು ಅವನಿಗೆ ಮನಸ್ಸಿರಲಿಲ್ಲ.

ಮೊದಲ ಸರದಿ. ದೇವೀರಿ ಗೂಟ ದಾಟಿದಳು. ಭರಮಪ್ಪ ಕೆಂಪು ಬಟ್ಟೆ ಎತ್ತಿದ. ಬೆರಳು ಗೆರೆ ದಾಟಿತು, ಈ ಜಿಗಿತ ಲೆಕ್ಕಕ್ಕಿಲ್ಲ ಅಂದ.

ಎರಡನೆಯ ಸರದಿ. ಗೆರೆಗಿಂತ ಒಂದು ಗೇಣು ಹಿಂದಿನಿಂದಲೇ ಎದ್ದಳು. ಆಗಲೂ ಗೂಟ ದಾಟಿದಳು. ಮತ್ತೆ ಕೆಂಪು ಬಟ್ಟೆ.

"ಮಣ್ಣು ತುಳಿಯೋ ಕಾಲು, ಗೆರೆ ಕಂಡರೂ ತುಳಿಯುತ್ತೆ," ಅಂದ ಭರಮಪ್ಪ. ಜನ ನಕ್ಕರು.

ದೇವೀರಿ ವಾದ ಮಾಡಲಿಲ್ಲ. ಅವನ ಮಾತಿಗೆ ಎದುರಾಗಿ ಅವಳಲ್ಲಿ ಇದ್ದದ್ದೂ ಬರೀ ಮಾತೇ. ಆದರೆ ಒಂದನ್ನು ಅವಳು ಗಮನಿಸಿದ್ದಳು. ಭರಮಪ್ಪನ ಕಣ್ಣು ಗೆರೆಯ ಮೇಲೆ ಇರುತ್ತಲೇ ಇರಲಿಲ್ಲ, ಗೂಟದ ಮೇಲೆ ಇರುತ್ತಿತ್ತು.

ಮರಳಿನಾಚೆ ಕೂತಿದ್ದ ರಾಜನ ಬಳಿ ಹೋಗಿ ಕೈಮುಗಿದಳು. ಗೆರೆಯ ಆಚೆ ಬದಿಗೆ ಒಂದು ಪಟ್ಟಿ ಹಸಿಮಣ್ಣು ಮೆತ್ತಲು ಅಪ್ಪಣೆ ಕೇಳಿದಳು. ಯಾಕೆ ಅಂತ ರಾಜ ಕೇಳಿದ.

"ಭರಮಪ್ಪನೋರಿಗೆ ವಯಸ್ಸಾಯ್ತು, ಪ್ರಭು. ಬಗ್ಗಿ ನೋಡೋ ಕಷ್ಟ ತಪ್ಪುತ್ತೆ."

ರಾಜ ನಕ್ಕು ಒಪ್ಪಿದ. ಅವಳೇ ಮಣ್ಣು ಕಲಸಿ, ಮೆತ್ತಿ, ಒದ್ದೆ ಕೈಯಲ್ಲಿ ನುಣ್ಣಗೆ ಸವರಿದಳು.

ಮೂರನೆಯ ಸರದಿ. ಓಡಿದಳು. ಕುಪ್ಪಳಿಸಿದಳು. ದಾಟಿದಳು. ಹಾರಿದಳು. ಗೂಟದಾಚೆ ಮರಳು ಚಿಮ್ಮಿತು. ಅದು ಕಂಡದ್ದೇ ತಡ, ಕೆಂಪು ಬಟ್ಟೆ ಮೇಲೆದ್ದಿತು.

"ಮತ್ತೆ ಬೆರಳು ದಾಟಿತು. ಕಣ್ಣಾರೆ ನೋಡಿದೆ," ಅಂದ ಭರಮಪ್ಪ.

ರಾಜ ಎದ್ದು ಗೆರೆಯ ತನಕ ನಡೆದು ಬಂದ. ಮಣ್ಣು ಸವರಿದ ಹಾಗೇ ಇತ್ತು. ಅದರ ಮೇಲೆ ಒಂದು ನೊಣ ಕೂತಿತ್ತು, ಅಷ್ಟೇ.

"ಯಾವ ಬೆರಳು, ಭರಮಪ್ಪ?"

ರಾಜ ಅವನ ಕೈಯಿಂದ ಬಟ್ಟೆ ಕಿತ್ತುಕೊಂಡು, ಬೀಗದ ಕೈಗೊಂಚಲನ್ನೂ ಇಸಿದುಕೊಂಡ. ಒಂದು ಗಡಿಗೆ ಸೋರಿದ್ದಕ್ಕೆ ಸೆರೆಮನೆ ಹೆಚ್ಚಾಯಿತು ಅಂತ ತಾನೂ ತಲೆ ತಗ್ಗಿಸಿದ.

ಮುದ್ದಯ್ಯ ಬಿಸಿಲಿಗೆ ಬಂದ. ಕಣ್ಣು ಕಿರಿದು ಮಾಡಿ ಮಗಳನ್ನು ಹುಡುಕಿದ. ಅವಳು ಇನ್ನೂ ಮರಳಲ್ಲೇ ಕೂತಿದ್ದಳು. ಕಾಲು ನೀವಿಕೊಳ್ಳುತ್ತಿದ್ದಳು. ಅವನೂ ಹೋಗಿ ಪಕ್ಕದಲ್ಲಿ ಕುಸಿದು ಕೂತ.

"ಕಾಲು ನೋಯ್ತಾ, ಮಗಾ?"

"ಈಗ ಇಲ್ಲಪ್ಪ."

ಇಬ್ಬರೂ ದೊಡ್ಡದಾಗಿ ಉಸಿರು ಬಿಟ್ಟರು.

ನೋಡಿದಿರಾ ಮಕ್ಕಳೇ? ತೀರ್ಪು ಹೇಳುವವನ ಮಾತೊಂದನ್ನೇ ನಂಬಬಾರದು. ಎಲ್ಲರೂ ಬಂದು ನೋಡಬಹುದಾದ ಗುರುತು ಇರಬೇಕು. ಗುರುತಿದ್ದ ಕಡೆ ಸುಳ್ಳಿನ ಆಟ ನಡೆಯದು.